ಸಂಜೀಮುಂದ ಅಂದರೆ ಎಷ್ಟು ಹೊತ್ತಿಗೆ

ವಿಶ್ರಾಮಬಾಗದ ನಮ್ಮ ಅಡುಗೆಮನೆಯಲ್ಲಿ ಹೆಂಡತಿ ಹೊಸ ಕ್ಯಾಲೆಂಡರ್ ತೂಗುಹಾಕಿದ್ದಾಳೆ. ನಮ್ಮ ಜೈನರ ಮನೆಗಳಲ್ಲಿ ತಿಥಿಗಿಂತ ಮೊದಲು ಕಣ್ಣು ಹೋಗುವುದು ಸೂರ್ಯ ಮುಳುಗುವ ವೇಳೆ ಅಚ್ಚಾದ ಕಡೆಗೆ. ನೇಮ ಹಿಡಿದವರಿಗೆ ಆಮೇಲೆ ಊಟವಿಲ್ಲ, ನೀರೂ ಇಲ್ಲ. ಮಧ್ಯಾಹ್ನದ ಜೊಂಪಿನಲ್ಲಿ ಆ ಸಣ್ಣ ಅಂಕಿಗಳನ್ನು ನೋಡುತ್ತ ಕೂತವನಿಗೆ ಸಮಡೋಳಿಯ ಮಾವಶಿ, ನಮ್ಮ ಅವ್ವನ ತಂಗಿ, ನೆನಪಾದರು.

ಅವರ ‘ಸಂಜೀಮುಂದ’ಕ್ಕೆ ಗಡಿಯಾರ ಬೇಕಿರಲಿಲ್ಲ. ಬಿಸಿಲು ಕಬ್ಬಿನ ಮೇಲೆ ಹಳದಿಯಾಗಿ, ಎಮ್ಮೆಗಳು ಉದ್ದುದ್ದ ನೆರಳು ಎಳೆದುಕೊಂಡು ಮನೆಗೆ ಬರುವ ಹೊತ್ತು ಅದು. ಒಲೆಯ ಮೇಲೆ ರೊಟ್ಟಿ ಉಬ್ಬುತ್ತಿರುತ್ತಿತ್ತು. ಆ ವಾಸನೆ ನಿಮಗೆ ಗೊತ್ತಿದ್ದರೆ ನಾನು ಹೆಚ್ಚು ಹೇಳಬೇಕಿಲ್ಲ.

ಮಿರಜಿನಲ್ಲಿ ಓದುತ್ತಿದ್ದಾಗ ಒಮ್ಮೆ, “ಸಂಜೀಮುಂದ ಉಣ್ಣಾಕ ಬರ್ತೇನ್ರಿ” ಎಂದು ಅವರಿಗೆ ಫೋನು ಮಾಡಿದ್ದೆ. ಮಾಡಿದವನು ಗೆಳೆಯರ ಜೊತೆ ಭಡಂಗ ಮೆಲ್ಲುತ್ತ ಕೂತೆ. ಖಾರದ ಚುರುಮುರಿ, ಮೇಲೆ ಚಹಾ, ಜೊತೆಗೆ ನನ್ನ ಮುಗಿಯದ ಹರಟೆ. ಕೊನೆಗೆ ಬಸ್ಸು ಹತ್ತಿ ಕಿಟಕಿಗೆ ತಲೆಯಿಟ್ಟಾಗ ಆಕಾಶ ಕೆಂಪಾಗಿತ್ತು. ಕೃಷ್ಣೆಯನ್ನು ಅರ್ಧ ಕನಸಿನಲ್ಲೇ ದಾಟಿದೆ. ಸಮಡೋಳಿಯಲ್ಲಿ ಇಳಿದರೆ ಬೀದಿದೀಪಗಳು ಹತ್ತಿದ್ದವು.

ಮಾವಶಿ ಹೊಸ್ತಿಲಲ್ಲೇ ಕೂತಿದ್ದರು.

“ಬಾರಪ್ಪಾ, ಕೈಕಾಲ ತೊಳ್ಕೊ.”

“ನಿಮ್ದು ಊಟ ಆತ್ರಿ?”

“ಹೊತ್ತ ಮುಣಗೇತಲ್ಲ. ಇನ್ನ ನಾಳಿಗೆ.”

ಒಳಗಿನಿಂದ ಅವರ ಯಜಮಾನರು, ನಮ್ಮ ಕಾಕಾ, ಗೊಣಗಿದರು: “ಇವತ್ತ ಅಕೀದು ಒಪ್ಪತ್ತು. ಮಧ್ಯಾನ ಉಣ್ಣಲಿಲ್ಲ, ನಿನ್ನ ಜೋಡಿ ಉಣ್ತೇನಿ ಅಂತ ಕುಂತಾಳ.”

ಒಪ್ಪತ್ತೆಂದರೆ ದಿನಕ್ಕೊಂದೇ ಊಟ. ಆ ಒಂದನ್ನೂ ನಾನು ಕಳೆದಿದ್ದೆ.

“ನೀವು ಸುಮ್ನ ಕುಂದ್ರಿ, ಹುಡುಗ ಹಸದ ಬಂದೈತಿ” ಎಂದು ಕಾಕಾರನ್ನು ಗದರಿ ಮಾವಶಿ ತಾಟು ಹಾಕಿದರು. “ನಿಂಗ ಇನ್ನೂ ನೇಮ ಇಲ್ಲ, ಉಣ್ಣು.”

ಹೊಟ್ಟೆ ತುಂಬಿದೆ ಎಂದು ಯಾವ ಬಾಯಿಂದ ಹೇಳಲಿ? ಎರಡು ರೊಟ್ಟಿ ತಿಂದೆ. ಅವರು ಪಕ್ಕದಲ್ಲಿ ಕೂತು, ಇನ್ನೊಂದು ಹಾಕಲೇ ಎಂದು ಕೇಳುತ್ತಿದ್ದರು. ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

ಕ್ಯಾಲೆಂಡರಿನಿಂದ ಕಣ್ಣು ಕಿತ್ತು, ಎದ್ದು ಸಮಡೋಳಿಗೆ ಫೋನು ಮಾಡಿದೆ. “ಮಾವಶಿ, ಇವತ್ತ ಬರ್ತೇನ್ರಿ. ನನ್ನ ಹಾದಿ ಕಾಯಬ್ಯಾಡ್ರಿ, ನೀವು ಉಂಡ ಬಿಡ್ರಿ.”

“ಹಂಗ ಹೆಂಗ ಉಣ್ಣೂದು? ನೀ ಬಾ, ಕೂಡೇ ಉಣ್ಣೂಣು.” ಇಷ್ಟು ವರ್ಷವಾದರೂ ಅದೇ ಮಾತು.

ಮೂರು ಕೂಡ ಹೊಡೆದಿರಲಿಲ್ಲ. ನಾನು ಚಪ್ಪಲಿ ಮೆಟ್ಟುವುದನ್ನು ಕಂಡು ಹೆಂಡತಿ, “ಇಷ್ಟ ಲಗೂನ? ಏನರೆ ತಿಂದ ಹೋಗ್ರಿ” ಎಂದಳು.

“ಬ್ಯಾಡ,” ಎಂದೆ. “ಇವತ್ತ ಹಸದ ಹೋಗಬೇಕು.”