ಮಾವನ ಅರವತ್ತಡಿ ಹಗ್ಗ

ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಪಿನ್ ಹೊಡೆಯುವ ಯಂತ್ರದ ಮುಂದೆ ನಾನು ದಿನಕ್ಕೆ ಎಂಟು ಗಂಟೆ ನಿಲ್ಲುತ್ತೇನೆ. ಇದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಆದರೂ ಹೋದ ವರ್ಷದವರೆಗೆ ನಾನು ಕ್ಯಾಂಟೀನಿಗೆ ಬಂದರೆ ಜನ ಬೆಂಚಿನಲ್ಲಿ ಸರಿದು ಕೂತು ಜಾಗ ಕೊಡುತ್ತಿದ್ದರು. ಯಾಕೆಂದರೆ ನಮ್ಮ ಬಡಾವಣೆಯ ಫುಟ್‌ಬಾಲ್ ಕ್ಲಬ್ಬಿಗೆ ಪೆನಾಲ್ಟಿ ಹೊಡೆಯುವವನು ನಾನು. ನಮ್ಮ ಮೈದಾನದಲ್ಲಿ ಇಪ್ಪತ್ತಮೂರು ಹೊಡೆದಿದ್ದೆ, ಇಪ್ಪತ್ತಮೂರೂ ಗೋಲು. ಎಲ್ಲರೂ ನನ್ನನ್ನು 'ಗ್ಯಾರಂಟಿ' ಎನ್ನುತ್ತಿದ್ದರು. ಬೇರೆಯವರ ಮೈದಾನದಲ್ಲಿ ಮಾತ್ರ ಪೆನಾಲ್ಟಿ ಸಿಕ್ಕ ಕೂಡಲೇ ನನಗೆ ಮೊಣಕಾಲು ನೋವು ಬರುತ್ತಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಹೇಳಬೇಕಾದದ್ದು ನನ್ನ ಸೋದರಮಾವನ ಕಥೆ. ಮಾವ ದರ್ಜಿ. ಗೋಡೌನುಗಳ ಬೀದಿಯ ಮೂಲೆಯಲ್ಲಿ ಒಂದೇ ಕೋಣೆಯ ಅಂಗಡಿ. ಒಳಗೆ ಕಾಲಲ್ಲಿ ತುಳಿಯುವ ಮಿಷನ್ನು, ಕತ್ತರಿಸುವ ಮೇಜು, ಗೋಡೆಗೆ ಒಂದು ಬೋರ್ಡು: 'ಒಗೆಯದ ಬಟ್ಟೆಗೆ ಕತ್ತರಿ ಇಡುವುದಿಲ್ಲ.' ಹೊಸ ಬಟ್ಟೆ ಹಿಡಿದು ಬಂದವರು ಆ ಬೋರ್ಡು ಓದದಿದ್ದರೆ ಮಾವನೇ ಓದಿ ಹೇಳುತ್ತಿದ್ದ.

"ಮೊದಲು ಮನೆಗೆ ಹೋಗಿ ನೆನೆಸಿ, ಒಣಗಿಸಿ, ಆಮೇಲೆ ತನ್ನಿ. ಹತ್ತಿ ಅಂದ್ರೆ ಕುಗ್ಗೋ ಜಾತಿ. ಇವತ್ತು ಹೊಲಿದು ಕೊಡ್ತೀನಿ, ನಾಳೆ ಒಗೆದು ಹಾಕ್ಕೊಂಡು ಬಂದು ಟೇಲರ್ ಕಳ್ಳ ಅಂತೀರಿ."

ಈ ಉಪದೇಶ ಕೇಳಿ ಎಷ್ಟೋ ಗಿರಾಕಿಗಳು ಎದುರು ಸಾಲಿನ ದರ್ಜಿಯ ಹತ್ತಿರ ಹೋದರು. ಮಾವ ಬೋರ್ಡು ಮಾತ್ರ ತೆಗೆಯಲಿಲ್ಲ.

ಮಾವ ಜನ್ಮದಲ್ಲಿ ಚೆಂಡು ಒದ್ದವನಲ್ಲ. ಹತ್ತೊಂಬತ್ತು ವರ್ಷದ ಹಿಂದೆ ನಮ್ಮ ಕ್ಲಬ್ಬು ಶುರುವಾದಾಗ ಹಸಿರು ಟೆರಿಲಿನ್ ಬಟ್ಟೆಯಲ್ಲಿ ಅಂಗಿ ಹೊಲಿದು, ಕೊಡಲೆಂದು ಮೈದಾನಕ್ಕೆ ಹೋಗಿದ್ದನಂತೆ. ಅಲ್ಲಿ ಯಾರೋ ಬಕೆಟ್ಟಿನಿಂದ ಸುಣ್ಣ ಚೆಲ್ಲಿ ಗೆರೆ ಎಳೆಯುತ್ತಿದ್ದರು. ಗೆರೆ ಹಾವು ಹರಿದ ಹಾಗೆ ಹೋಗಿತ್ತು. ಮಾವನಿಗೆ ನೋಡಿ ತಡೆಯಲಾಗಲಿಲ್ಲ. ಅಂಗಡಿಗೆ ಓಡಿಹೋಗಿ ಗೂಟ, ದಾರ ತಂದ. ಅಂದಿನಿಂದ ಮೈದಾನದ ಗೆರೆ ಮಾವನದು. ಸಂಬಳವಿಲ್ಲ, ಹುದ್ದೆಯಿಲ್ಲ, ಕ್ಲಬ್ಬಿನ ಫೋಟೋದಲ್ಲಿ ಜಾಗವೂ ಇಲ್ಲ.

ಅದಕ್ಕೆಂದೇ ಅರವತ್ತಡಿಯ ಹತ್ತಿ ಹಗ್ಗವೊಂದನ್ನು ಇಟ್ಟುಕೊಂಡಿದ್ದ. ಐದು ಹಗ್ಗ ಉದ್ದ, ಮೂರು ಹಗ್ಗ ಅಗಲ. ಮೂವತ್ತಾರನೇ ಅಡಿಗೆ ಕೆಂಪು ದಾರದ ಗಂಟು, ಅದು ಪೆನಾಲ್ಟಿ ಚುಕ್ಕೆಗೆ. ಋತು ಮುಗಿದ ಮೇಲೆ ಗೋಲು ಕಂಬಗಳನ್ನು ಕಿತ್ತು ಗೋಡೌನಿನಲ್ಲಿ ಇಡುತ್ತೇವೆ, ಇಲ್ಲದಿದ್ದರೆ ಅವು ಯಾರದೋ ಒಲೆ ಸೇರುತ್ತವೆ. ಮರುವರ್ಷ ಮಾವ ಮೈದಾನದ ಒಂದು ತುದಿಗಿರುವ ಗೋಡೆಯ ಕಡೆ ಕಂಬಗಳನ್ನು ಹಳೆಯ ಗುಂಡಿಯಲ್ಲೇ ನೆಟ್ಟು, ಅಲ್ಲಿಂದ ಹಗ್ಗ ಹಿಡಿದು ಅಳೆದು, ಆಚೆ ತುದಿಯಲ್ಲಿ ಹೊಸದಾಗಿ ಗುಂಡಿ ತೋಡಿಸುತ್ತಿದ್ದ. ಪಂದ್ಯದ ದಿನ ಬಂದು ಮೂಲೆಯಲ್ಲಿ ಕೂರುತ್ತಿದ್ದ. ಚೆಂಡು ಎಲ್ಲಿದೆ ಎಂಬುದು ಅವನಿಗೆ ಬೇಕಿರಲಿಲ್ಲ. ಯಾರ ಬೂಟು ಯಾವ ಗೆರೆ ಅಳಿಸಿತು ಎಂಬುದಷ್ಟೇ ಅವನ ಲೆಕ್ಕ.

ಹೋದ ವರ್ಷ ಜಿಲ್ಲಾ ಕಪ್ಪಿನ ಚೀಟಿ ಎತ್ತಿದರು. ಲೀಗಿನ ಯಾವ ಪಟ್ಟಿಯ ಯಾವ ಕೊನೆಯಲ್ಲೂ ನಮ್ಮ ಹೆಸರಿಲ್ಲ. ಆದರೆ ಆ ಕಪ್ಪಿಗೆ ಅರ್ಜಿ ಹಾಕಿದವರೆಲ್ಲ ಆಡಬಹುದು. ನಮ್ಮ ಎದುರಿಗೆ ಬಂದದ್ದು ಮೊದಲ ದರ್ಜೆಯ ತಂಡ. ಅವರಿಗೆ ಹುಲ್ಲಿನ ಸ್ಟೇಡಿಯಂ ಇದೆ, ಡಾಕ್ಟರಿದ್ದಾರೆ. ನಮ್ಮ ಡಾಕ್ಟರು ಅಂದರೆ ಒಂದು ಬಕೆಟ್ಟು, ಒಂದು ಸ್ಪಂಜು. ಪಂದ್ಯ ಮಾತ್ರ ನಮ್ಮ ಮೈದಾನದಲ್ಲೇ ಎಂದು ಚೀಟಿ ಹೇಳಿತು. ಜೊತೆಗೆ ಒಂದು ಪತ್ರ ಬಂತು: ಪಂದ್ಯದ ಬೆಳಗ್ಗೆ ಅಧಿಕಾರಿ ಬಂದು ಮೈದಾನ ಅಳೆಯುತ್ತಾರೆ, ಅಳತೆ ಕಡಿಮೆ ಬಂದರೆ ಅದೇ ಸಂಜೆ ಪಂದ್ಯ ಅವರ ಸ್ಟೇಡಿಯಮ್ಮಿನಲ್ಲಿ.

ನಮ್ಮ ನಾಯಕ ಬಸ್ ಕಂಡಕ್ಟರ್. ಪತ್ರ ಓದಿ ಅವನ ಮುಖ ಇಳಿಯಿತು. ಮಾವನ ಮುಖ ಅರಳಿತು.

"ಬರ್ಲಿ, ಅಳೀಲಿ," ಅಂದ. ಆಮೇಲೆ ಅಂಗಡಿಗೆ ವಾಪಸು ನಡೆಯುತ್ತ ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದ: "ಹತ್ತೊಂಬತ್ತು ವರ್ಷ ಗೆರೆ ಎಳ್ದೆ ಅಳಿಯ. ತುಳಿದೋರೆಲ್ಲ ನಿಮ್ಮಂಥೋರೇ. ಒಂದ್ಸಲ ಆಟ ಬರೋರು ಬಂದು ತುಳೀಲಿ. ಮುಂದಿನ ವರ್ಷ ಬಗ್ಗೋಕೆ ಈ ಸೊಂಟ ಇರುತ್ತೋ ಇಲ್ವೋ."

ಮೂರು ದಿನ ಅಂಗಡಿ ಮುಚ್ಚಿದ. ಯಾರದೋ ಮದುವೆಯ ಕೋಟು ತೋಳಿಲ್ಲದೆ ಗೊಂಬೆಯ ಮೇಲೆ ನಿಂತೇ ಇತ್ತು.

ಪಂದ್ಯದ ದಿನ ಬೆಳಗ್ಗೆ ಎಂಟಕ್ಕೆ ಅಧಿಕಾರಿ ಬಂದರು. ತೆಳ್ಳಗಿನ ಮನುಷ್ಯ, ಕೈಯಲ್ಲಿ ಸುರುಳಿ ಸುತ್ತಿದ ಉಕ್ಕಿನ ಟೇಪು. ಕಂಡಕ್ಟರ್ ಆಗಲೇ ಅವರಿಗೆ 'ಟೇಪು ಸಾಹೇಬರು' ಎಂದು ಹೆಸರಿಟ್ಟಾಗಿತ್ತು. ಟೇಪಿನ ತುದಿ ಮಾವನ ಕೈಗೆ ಕೊಟ್ಟು, ಗೋಡೆಯ ಕಡೆಯಿಂದ ಶುರುಮಾಡಿ ಆಚೆ ಗೋಲಿನ ತನಕ ಅಳೆದರು. ಅಳೆದು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಅಳೆದರು.

"ಟೇಲರೇ, ಮುನ್ನೂರಡಿ ಇರ್ಬೇಕು. ಇನ್ನೂರ ಎಂಬತ್ತೈದಿದೆ."

"ನಿಮ್ಮ ಟೇಪು ಸರಿಯಿಲ್ಲ ಸಾರ್," ಅಂದ ಮಾವ, ಗಿರಾಕಿಗೆ ಹೇಳುವ ದನಿಯಲ್ಲೇ.

"ಉಕ್ಕಿಂದು ಕಣ್ರೀ."

"ಉಕ್ಕಾದ್ರೇನು, ಬಿಸಿಲಿಗೆ ಹಿಗ್ಗುತ್ತೆ. ನನ್ನ ಹಗ್ಗ ನೋಡಿ. ಅರವತ್ತಡಿ ಅಂದ್ರೆ ಅರವತ್ತಡಿ."

ಸಾಹೇಬರು ತರ್ಕಕ್ಕಿಳಿಯಲಿಲ್ಲ. ಹಗ್ಗವನ್ನು ನೆಲಕ್ಕೆ ಹಾಸಿ ಪಕ್ಕದಲ್ಲಿ ಟೇಪು ಬಿಟ್ಟರು. ಹಗ್ಗ ಐವತ್ತೇಳಕ್ಕೆ ಮುಗಿದುಹೋಯಿತು. ಉಳಿದ ಮೂರಡಿ ಟೇಪು ಒಬ್ಬೊಂಟಿಯಾಗಿ ಬಿಸಿಲಲ್ಲಿ ಹೊಳೆಯುತ್ತಿತ್ತು.

ಅಷ್ಟು ಹೊತ್ತಿಗೆ ಅತ್ತೆ ಎಲ್ಲರಿಗೂ ಚಹಾ ತಂದಳು. ಹದಿನೈದು ಜನ ಒಂದು ಹಗ್ಗದ ಸುತ್ತ ತಲೆ ಬಗ್ಗಿಸಿ ನಿಂತದ್ದು ನೋಡಿ ಏನೆಂದು ಕೇಳಿದಳು. ನಾನು ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಕುಗ್ಗದೆ ಇನ್ನೇನು. ಪ್ರತಿ ತಿಂಗಳು ಸುಣ್ಣ ಮೆತ್ಕೊಂಡಿದೆ, ಕುದಿಯೋ ನೀರಲ್ಲಿ ಹಾಕಿ ಒಗಿ ಅಂತ ನೀವೇ ತಂದು ಕೊಡ್ತಿದ್ರಲ್ಲ. ಹತ್ತೊಂಬತ್ತು ವರ್ಷ ಒಗ್ದಿದೀನಿ. ಊರೋರ ಬಟ್ಟೆಗೆಲ್ಲ ಬೋರ್ಡು ಹಾಕಿದೀರಿ, ಮನೇ ಹಗ್ಗಕ್ಕೆ ಹಾಕ್ಲಿಲ್ವಾ?"

ಯಾರೂ ನಗಲಿಲ್ಲ. ನಗು ತಡೆದುಕೊಂಡು ಕಂಡಕ್ಟರಿಗೆ ಕೆಮ್ಮು ಬಂತು. ಮಾವ ಮಾತ್ರ ಹಗ್ಗದ ತುದಿಯನ್ನು ಎರಡು ಬೆರಳಲ್ಲಿ ತಿಕ್ಕಿ ತಿಕ್ಕಿ ನೋಡಿದ, ಬಟ್ಟೆಯ ನೇಯ್ಗೆ ನೋಡುವ ಹಾಗೆ. ಕೊನೆಗೆ, "ಹೌದು," ಅಂದ. ಮಾವನ ಬಾಯಲ್ಲಿ ಆ ಶಬ್ದವನ್ನು ಅತ್ತೆಯೂ ಹೆಚ್ಚು ಸಲ ಕೇಳಿರಲಿಕ್ಕಿಲ್ಲ.

ಸಾಹೇಬರು ಗಡಿಯಾರ ನೋಡಿಕೊಂಡರು. "ಎರಡು ಗಂಟೆ ತನಕ ಟೈಮಿದೆ. ಸರಿ ಮಾಡಿದ್ರೆ ಪಂದ್ಯ ಇಲ್ಲೇ. ಇಲ್ಲಾಂದ್ರೆ ಅವರಿಗೆ ಫೋನ್ ಮಾಡ್ತೀನಿ."

ಗೋಲು ಕಂಬಗಳನ್ನು ಹದಿನೈದಡಿ ಹಿಂದಕ್ಕೆ ಸರಿಸಬೇಕು, ಮೈದಾನದ ಅಷ್ಟೂ ಗೆರೆ ಅಳಿಸಿ ಮತ್ತೆ ಎಳೆಯಬೇಕು. ಸಂಜೆ ಮೊದಲ ದರ್ಜೆಯವರ ಎದುರು ಓಡಬೇಕಾದ ಹನ್ನೊಂದು ಜನ ಬೆಳಗ್ಗೆಯೇ ಹಾರೆ ಹಿಡಿದೆವು. ಮಾವ ಸಾಹೇಬರ ಟೇಪು ಎರವಲು ತೆಗೆದುಕೊಂಡು ಮುನ್ನೂರನೇ ಅಡಿಗೆ ಗೂಟ ನೆಟ್ಟ. ಅಲ್ಲಿ ನಾನು ಅಗೆದೆ. ಎರಡು ಗೇಣು ಹೋಗುವಷ್ಟರಲ್ಲಿ ಹಾರೆ ಠಣ್ ಎಂದಿತು. ಇಟ್ಟಿಗೆ ಚೂರು. ಅದರ ಸಂದಿಯಲ್ಲಿ ಮಣ್ಣು ಮೆತ್ತಿದ ಬಟ್ಟೆಯ ಚೂರುಗಳು. ಮಾವ ಮಂಡಿಯೂರಿ ಕೂತು ಒಂದನ್ನು ಎತ್ತಿ ಅಂಗಿಯ ತುದಿಯಲ್ಲಿ ಒರೆಸಿದ. ಹಸಿರು ಟೆರಿಲಿನ್.

"ಮೊದಲ್ನೇ ವರ್ಷದ್ದು," ಅಂದ. "ಅಂಗಿ ಹೊಲಿದು ಉಳಿದದ್ದನ್ನ ಕಂಬ ಅಲ್ಲಾಡ್ಬಾರ್ದು ಅಂತ ನಾನೇ ತುಂಬಿದ್ದೆ." ಆಮೇಲೆ ಟೇಪು ಸಾಹೇಬರ ಕಡೆ ತಿರುಗಿದ. "ನೋಡಿದ್ರಾ ಸಾರ್? ಮೊದ್ಲು ಸರಿಯಾಗೇ ಅಳ್ದಿದ್ದೆ. ನಿಮ್ಮ ಟೇಪೂ ಸರಿಯಾಗೇ ಇದೆ."

ತಮ್ಮ ಟೇಪಿಗೆ ಸಿಕ್ಕ ಪ್ರಮಾಣಪತ್ರಕ್ಕೆ ಸಾಹೇಬರು ತಲೆಬಾಗಿದರು.

ಒಂದೂವರೆಗೆ ಹೊರಗಿನ ಗೆರೆಗಳು ಮುಗಿದವು. ಸಾಹೇಬರು ಉದ್ದ ನೋಡಿದರು, ಅಗಲ ನೋಡಿದರು, ಕಾಗದಕ್ಕೆ ಸಹಿ ಹಾಕಿ ನೆರಳಿಗೆ ಹೋದರು. ಪೆನಾಲ್ಟಿ ಚುಕ್ಕೆಯನ್ನು ಕೇಳಲೇ ಇಲ್ಲ. ಮಾವ ಟೇಪು ಹಿಡಿದು ಆ ಕಡೆ ಹೊರಟಾಗ ಕಂಡಕ್ಟರ್ ಅಡ್ಡ ಬಂದ.

"ಟೇಲರಣ್ಣ, ಅದನ್ನ ಯಾಕೆ ಮುಟ್ತೀರಿ. ಹಗ್ಗ ಕುಗ್ಗಿದ್ರೆ ಚುಕ್ಕೆ ಎರಡಡಿ ಹತ್ರ ಇದೆ ಅಂತಾಯ್ತು. ಇದ್ರೆ ಇರ್ಲಿ. ಗ್ಯಾರಂಟಿಗೆ ಕೈ ಕೂತಿರೋ ಜಾಗ."

"ಕಾಲು," ಅಂದೆ ನಾನು.

"ಏನೋ ಒಂದು ಕೂತಿದೆ."

ಇಲ್ಲಿ ನನ್ನ ಮೊಣಕಾಲಿನ ವಿಷಯ ಹೇಳಬೇಕು. ಎರಡು ವರ್ಷದ ಹಿಂದೆ ಬೇರೆ ಮೈದಾನದಲ್ಲಿ ಒಂದು ಪೆನಾಲ್ಟಿ ಹೊಡೆದಿದ್ದೆ. ಅವರ ಗೋಲ್‌ಕೀಪರ್ ಅದನ್ನು ಅಂಚೆಯವನಿಂದ ಕಾಗದ ಇಸಕೊಂಡ ಹಾಗೆ ಇಸಕೊಂಡಿದ್ದ. ಮನೆಗೆ ಬಂದವನು ನಮ್ಮ ಮೈದಾನದಲ್ಲಿ ಚುಕ್ಕೆಯಿಂದ ಗೋಲಿನ ತನಕ ಒಬ್ಬನೇ ಹೆಜ್ಜೆ ಹಾಕಿ ನೋಡಿದೆ. ಅಲ್ಲಿ ಎಣಿಸಿಕೊಂಡು ಬಂದದ್ದಕ್ಕಿಂತ ಮುಕ್ಕಾಲು ಹೆಜ್ಜೆ ಕಡಿಮೆ. ಆದರೆ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮಾವನ ಹಗ್ಗಕ್ಕೆ ಅಂದೇ ಬುದ್ಧಿ ಬರುತ್ತಿತ್ತು, ನನ್ನ ಬೆಂಚಿನ ಜಾಗವೂ ಅಂದೇ ಹೋಗುತ್ತಿತ್ತು. ಅಂದಿನಿಂದ ಪರಸ್ಥಳದಲ್ಲಿ ನನಗೆ ಮೊಣಕಾಲು ನೋವು.

"ಟೈಮಿಲ್ಲ ಮಾವ," ಅಂದೆ. "ಸಹಿ ಆಯ್ತಲ್ಲ, ಬಿಡು."

ಮಾವ ನನ್ನನ್ನೇ ನೋಡಿದ. "ಕಾಲರ್ ಸರಿ ಮಾಡಿ, ಒಂದು ತೋಳು ಗಿಡ್ಡ ಬಿಟ್ರೆ ಅದನ್ನ ಅಂಗಿ ಅಂತಾರೇನೋ? ಹಾಕ್ಕೊಂಡೋನು ಒಂದು ಕೈ ಮಡಚಿಕೊಂಡು ಓಡಾಡ್ಬೇಕು. ಸರಿ ಆಚೆ."

ಮೂವತ್ತಾರಡಿ ಅಳೆದು, ಹಳೆಯ ಚುಕ್ಕೆಯನ್ನು ಕಾಲಿನಿಂದ ಉಜ್ಜಿ ಅಳಿಸಿ, ಹೊಸದನ್ನು ಇಟ್ಟ. ಚುಕ್ಕೆ ಅಂಗಿಯ ಗುಂಡಿಯಷ್ಟು ದುಂಡಗಿತ್ತು.

ನಾಲ್ಕಕ್ಕೆ ಪಂದ್ಯ ಶುರುವಾಯಿತು. ಮೊದಲ ಕಾಲು ಗಂಟೆಯಲ್ಲೇ ಅವರು ಒಂದು ಗೋಲು ಹೊಡೆದರು. ಆಮೇಲೆ ಹತ್ತು ಹೊಡೆಯಬೇಕಿತ್ತು. ನಮ್ಮ ಗೋಲ್‌ಕೀಪರನ ಮುಖ, ಎದೆ, ಒಮ್ಮೆ ಬೆನ್ನು ಕೂಡ ಅಡ್ಡ ಬಂತು. ಜನ ಇದನ್ನು ಧೈರ್ಯ ಅಂದರು. ಬೆಳಗ್ಗೆಯಿಂದ ಗುಂಡಿ ತೋಡಿ ಅವನಿಗೆ ಪಕ್ಕಕ್ಕೆ ಸರಿಯುವ ಶಕ್ತಿ ಉಳಿದಿರಲಿಲ್ಲ, ಅಷ್ಟೆ. ಮಾವ ಮೂಲೆಯಲ್ಲಿ ಕೂತಿದ್ದ. ಅವರ ನಾಯಕ ಮೂಲೆಯಿಂದ ಒದೆಯಲು ಬಂದವನು ಚೆಂಡನ್ನು ಗೆರೆಯ ಮೇಲಿಟ್ಟು ಒಂದು ಕ್ಷಣ ಗೆರೆಯನ್ನೇ ನೋಡಿದ. "ಯಾರು ಎಳೆದಿದ್ದು? ನಮ್ಮಲ್ಲೂ ಇಷ್ಟು ನೇರ ಇರಲ್ಲ," ಅಂದ. ಮಾವ ಅವನ ಬೂಟು ನೋಡಿ, "ಸ್ವಲ್ಪ ನಿಧಾನಕ್ಕೆ ತುಳೀರಿ," ಅಂದನಂತೆ.

ಮುಗಿಯಲು ಎಂಟು ನಿಮಿಷವಿರುವಾಗ ಅವರ ಒಬ್ಬ ಆಟಗಾರ ಕಂಡಕ್ಟರನ ಅಂಗಿ ಹಿಡಿದೆಳೆದ. ಮಾವನ ಹೊಲಿಗೆ ಹರಿಯಲಿಲ್ಲ, ಕಂಡಕ್ಟರೇ ಬಿದ್ದ. ಪೆನಾಲ್ಟಿ.

ಜನ "ಗ್ಯಾರಂಟಿ, ಗ್ಯಾರಂಟಿ" ಎಂದು ಕೂಗಿದರು. ಹೊರಗಿನ ಮೈದಾನವಾಗಿದ್ದರೆ ನನ್ನ ಕೈ ಇಷ್ಟರಲ್ಲಿ ಮೊಣಕಾಲಿಗೆ ಹೋಗಿರುತ್ತಿತ್ತು. ಸ್ವಂತ ಮನೆಯಲ್ಲಿ ನೆಪಕ್ಕೆಲ್ಲಿ ಜಾಗ? ಚೆಂಡಿಟ್ಟೆ. ಎದುರಿಗಿದ್ದ ಗೋಲ್‌ಕೀಪರ್ ಏಣಿ ನಿಲ್ಲಿಸಿದ ಹಾಗಿದ್ದ. ಎರಡಡಿ ಅಂದರೆ ಏನು ಮಹಾ ಎಂದುಕೊಂಡೆ. ಹೊಡೆದೆ. ಯಾವಾಗಲೂ ಹೋಗುವ ಮೂಲೆಗೇ, ಯಾವಾಗಲೂ ಹೋಗುವ ವೇಗದಲ್ಲೇ ಹೋಯಿತು. ಏಣಿ ವಾಲಿತು. ಚೆಂಡು ಅದರ ತುದಿಗೆ ತಾಗಿ ಕಂಬದ ಹೊರಗೆ ಹೋಯಿತು. ಹಳೆಯ ಚುಕ್ಕೆಯಾಗಿದ್ದರೆ ಗೋಲು. ಇದನ್ನು ನಾನು ಈಗಲೂ ಬರೆದು ಕೊಡಬಲ್ಲೆ.

ಒಂದು-ಸೊನ್ನೆಯಲ್ಲಿ ಸೋತೆವು. ಮರುದಿನ ಕ್ಯಾಂಟೀನಿನಲ್ಲಿ ಯಾರೂ ಸರಿಯಲಿಲ್ಲ. ನನ್ನ ಹೊಸ ಹೆಸರು 'ಎರಡಡಿ'.

ಆದರೆ ಆ ಸಂಜೆ ಎಲ್ಲರೂ ಹೋದ ಮೇಲೆ ಮಾವ ಗೆರೆಗುಂಟ ಒಂದು ಸುತ್ತು ಬಂದ. ಬೂಟಿನ ಗುರುತುಗಳು ಎಲ್ಲ ಕಡೆ. ಅಂಥ ಗುರುತಿಗೆ ಹತ್ತೊಂಬತ್ತು ವರ್ಷ ಬೈದವನು ಅಂದು ಬಗ್ಗಿ ಬಗ್ಗಿ ನೋಡುತ್ತಿದ್ದ. ಆಮೇಲೆ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡ.

"ಹೊಸ ಹಗ್ಗ ತರೋಣ ಮಾವ," ಅಂದೆ.

"ಹೊಸದು ಯಾಕೆ? ಅದು ಮತ್ತೆ ಮೊದಲಿಂದ ಕುಗ್ಗುತ್ತೆ. ಇದು ಕುಗ್ಗೋದೆಲ್ಲ ಕುಗ್ಗಿ ಮುಗಿಸಿದೆ. ಒಗೆದ ಪಟ್ಟಿ ಮೂರಡಿ ಸೇರಿಸಿ ಹೊಲೀತೀನಿ, ಕೆಂಪು ಗಂಟು ಬಿಚ್ಚಿ ಮತ್ತೆ ಕಟ್ತೀನಿ."

ಅವನು ಅಷ್ಟು ಸಮಾಧಾನದಲ್ಲಿದ್ದದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಎರಡು ವರ್ಷದ ಹಿಂದೆ ಹೆಜ್ಜೆ ಹಾಕಿ ನೋಡಿದ್ದನ್ನು, ಮುಚ್ಚಿಟ್ಟದ್ದನ್ನು ಹೇಳಿಬಿಟ್ಟೆ. ಮಾವ ಗೋಡೌನುಗಳ ಬೀದಿ ಮುಗಿಯುವ ತನಕ ನಡೆದ. ಅಂಗಡಿಯ ಬೀಗಕ್ಕೆ ಕೈ ಹಾಕಿ ನಿಂತ.

"ಹಾಗಾದ್ರೆ ಮೊಣಕಾಲು ನೋವು?"

"ಇಲ್ಲ ಮಾವ."

"ಎರಡು ವರ್ಷದಿಂದ ನಿಮ್ಮತ್ತೆ ಪ್ರತಿ ಶನಿವಾರ ಎಣ್ಣೆ ಕಾಯಿಸಿ ಕಳಿಸ್ತಿದಾಳಲ್ಲೋ."

"ಹೇಳ್ಬಿಡ್ತೀನಿ."

"ಬೇಡ." ಮಾವ ಬೀಗ ತೆಗೆದ. ತೋಳಿಲ್ಲದ ಕೋಟು ಕತ್ತಲಲ್ಲಿ ನಮ್ಮನ್ನೇ ಕಾಯುತ್ತಿತ್ತು. "ಒಂದೇ ದಿನ ಮನೇಲಿ ಇಬ್ಬಿಬ್ಬರು ಸಿಕ್ಕಿಬಿದ್ರೆ ಅವಳನ್ನ ಹಿಡಿಯೋರ್ಯಾರು? ಸುಮ್ನೆ ಹಚ್ಕೊ."

ಈಗಲೂ ಶನಿವಾರ ಎಣ್ಣೆ ಬರುತ್ತದೆ. ಹಚ್ಚಿಕೊಳ್ಳುತ್ತೇನೆ. ಭಾನುವಾರ ಬೆಳಗ್ಗೆ ಮೂವತ್ತಾರಡಿಯ ಚುಕ್ಕೆಯಿಂದ ಹೊಡೆದು ಕಲಿಯುತ್ತೇನೆ. ಮಾವ ಗೋಲಿನ ಹಿಂದೆ ಕೂತು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿರುತ್ತಾನೆ. ಚೆಂಡು ಒಳಗೆ ಬಂತೋ ಹೊರಗೆ ಹೋಯಿತೋ ಎಂದು ತಲೆಯೆತ್ತಿ ನೋಡುವುದಿಲ್ಲ. ನನ್ನ ಬೂಟು ಚುಕ್ಕೆ ಅಳಿಸಿದರೆ ಮಾತ್ರ ಬೈಯುತ್ತಾನೆ.