'ಕೊಡು' ಎಂಬ ಮಾತಿನ ಮೂರು ಜಾಗ

ನಾಸಿಕದಲ್ಲಿ ನಾನು ಹಾಕಿದ ಸ್ಲ್ಯಾಬು ಒಂದೂ ಸೋರಿಲ್ಲ. ಅಲ್ಲಿನ ಸಾತಪುರ ಬಡಾವಣೆಯ ಯಾವ ಮನೆಯ ಮೇಲೆ ನಿಂತು ಬೇಕಾದರೂ ಈ ಮಾತು ಹೇಳಬಲ್ಲೆ. ಸಾಲಿ ಬೇಗ ಬಿಟ್ಟೆ, ನಿಜ. ಆದರೂ ನನಗೆ ಯಾರೂ ಹೊಸದಾಗಿ ಏನೂ ಕಲಿಸಬೇಕಿಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಆ ನಂಬಿಕೆಯನ್ನು ಅಲುಗಾಡಿಸಿದವಳು ನನ್ನ ಮಗಳು.

ಅವಳು ಛತ್ರಪತಿ ಸಂಭಾಜಿನಗರದ ಹಾಸ್ಟೆಲಿನಲ್ಲಿದ್ದು ಭಾಷಾಶಾಸ್ತ್ರ ಓದುತ್ತಿದ್ದಳು. ಇನ್ನೂ ಒಂದು ವರ್ಷ ಬಾಕಿ ಇತ್ತು. ಅಷ್ಟರಲ್ಲಿ ನಮ್ಮ ಅಕ್ಕ ಕರ್ನಾಟಕದ ಊರಿನಿಂದ ಫೋನು ಮಾಡಿ ತನ್ನ ಮಗನಿಗೆ ಅವಳನ್ನು ಕೇಳಿದಳು. ನಮ್ಮಲ್ಲಿ ತಮ್ಮನ ಮಗಳ ಮೇಲೆ ಅಕ್ಕನಿಗೇ ಮೊದಲ ಹಕ್ಕು. ಅಕ್ಕ ಬೇಡ ಅಂದ ಮೇಲೆಯೇ ಬೇರೆಯವರ ಮಾತು.

"ಓದಿದ್ದ ಸಾಕು. ಅಮಾಸಿ ಕಳದ ಮ್ಯಾಲೆ ಹೂಂ ಇಲ್ಲಾ ಊಹೂಂ, ಒಂದು ಹೇಳಿಬಿಡು ತಮ್ಮಾ," ಅಂದಳು.

ಹುಡುಗ ಕೆಟ್ಟವನಲ್ಲ. ಹೂಂ ಅನ್ನುವುದೆಂದು ಗಟ್ಟಿ ಮಾಡಿಕೊಂಡು, ಮಗಳಿಗೆ ತಿಳಿಸಿ ಬರಲು ಬೆಳಗಿನ ಬಸ್ಸು ಹತ್ತಿದೆ.

ಹಾಸ್ಟೆಲಿನ ಎದುರು ಬೇವಿನ ಗಿಡದ ಕೆಳಗೆ ಚಹಾದಂಗಡಿ. ವಿಷಯ ತೆಗೆಯುವುದು ಹೇಗೆಂದು ತಿಳಿಯದೆ, "ಏನ್ ಓದಾಕತ್ತೀಯವಾ ಈಗ?" ಎಂದು ಕೇಳಿದೆ.

"ಶಬ್ದದ ಅರ್ಥ."

"ಅದಕ್ಕ ಎಂ.ಎ. ಯಾಕ? ನಿಮ್ಮಜ್ಜಿ ಫುಕಟ್ ಹೇಳತಿದ್ಲು."

ಅವಳು ನಕ್ಕಳು. ನಾಸಿಕದಲ್ಲಿ ಬೆಳೆದ ಹುಡುಗಿ, ಕನ್ನಡದಲ್ಲಿ ಅರ್ಧ ಮರಾಠಿ. "ಐಕಾ, ಕೇಳ್ರಿ ಅಪ್ಪಾ. ಸ್ಲ್ಯಾಬ್ ಹಾಕೋ ದಿವಸ ನಿಮ್ಮ ಮಂದಿ ಲೈನ್ ನಿಂದರತಾರಲ್ಲ?"

ನಿಲ್ಲುತ್ತಾರೆ. ಸಣ್ಣ ಮನೆಗಳಿಗೆ ಈಗಲೂ ಹಾಗೆಯೇ. ಏಣಿಯುದ್ದಕ್ಕೂ ಮಂದಿ, ಕಾಂಕ್ರೀಟಿನ ಬುಟ್ಟಿ ಕೈಯಿಂದ ಕೈಗೆ ಏರುತ್ತದೆ. ಯಾರೂ ನೋಡಿ ಕೊಡುವುದಿಲ್ಲ. ಮೇಲೊಂದು ಕೈ ಇದ್ದೇ ಇರುತ್ತದೆ ಎಂಬ ಭರವಸೆಯಲ್ಲಿ ಎತ್ತುತ್ತಾರೆ.

"'ಕೊಡು' ಅನ್ನೋ ಶಬ್ದನೂ ಹಂಗ. ಒಳಗ ಮೂರು ಜಾಗಾ ಇಟ್ಕೊಂಡೇ ಬರತದ. ಕೊಡಾಂವ, ಕೊಡೋ ವಸ್ತು, ತಗೊಳ್ಳಾಂವ. ಒಂದು ಖಾಲಿ ಬಿಟ್ಟು ಹೇಳ್ರಿ ನೋಡೋಣ."

ಮನಸ್ಸಿನಲ್ಲೇ ಹೇಳಿ ನೋಡಿದೆ. 'ಕೊಟ್ಟ' ಅಂದೊಡನೆ, ಏನನ್ನು, ಯಾರಿಗೆ ಎಂಬುದು ತಾನಾಗಿ ಬಂದು ನಿಂತಿತು. 'ಮಲಗಿದ' ಅಂದರೆ ಒಬ್ಬನೇ ಸಾಕು. 'ಹೊಡೆದ' ಇಬ್ಬರನ್ನು ಬೇಡುತ್ತದೆ. ಜನ ಮಾತಿನಿಂದ ಏನು ಕೆಲಸ ಮಾಡಿಸಿಕೊಳ್ಳುತ್ತಾರೆ, ಆ ಕಡೆಯಿಂದ ಭಾಷೆಯನ್ನು ನೋಡುವ ಶಾಸ್ತ್ರವಂತೆ ಅವಳದು. ಮಾತೆಂದರೆ ಇಟ್ಟಿಗೆ, ಜೋಡಿಸುವವರು ನಾವು ಎಂದುಕೊಂಡಿದ್ದೆ. ಒಂದೊಂದು ಇಟ್ಟಿಗೆಯೊಳಗೂ ಮನೆಯ ನಕ್ಷೆ ಇತ್ತು. ಬಾಯಿ ಬಂದಾಗಿನಿಂದ ಆಡಿದ ಮಾತಿನೊಳಗೆ ಇಷ್ಟು ಜಾಗ ಯಾರು ಬಿಟ್ಟರು, ಯಾವ ಕಾಲದಲ್ಲಿ ಬಿಟ್ಟರು? ಚಹಾ ಆರಿಹೋಯಿತು.

"ಚಹಾ ಯಾಕ ಬಿಟ್ರಿ? ಏನರ ಹೇಳಾಕ ಬಂದೀರಿ?"

"ನಿಮ್ಮತ್ತಿ ಫೋನ್ ಮಾಡಿದ್ಲು. ಮಗನಿಗೆ ನಿನ್ನ ಕೊಡು ಅಂತ..."

ಅಲ್ಲಿಗೇ ನಿಂತೆ. ಕೊಡುವವನು ನಾನು. ತೆಗೆದುಕೊಳ್ಳುವವಳು ಅಕ್ಕ. ಬುಟ್ಟಿಯ ಜಾಗದಲ್ಲಿ ನನ್ನ ಮಗಳು. ಅವಳಿಗೂ ಕಂಡಿರಬೇಕು, ಗ್ಲಾಸಿನ ತಳ ನೋಡುತ್ತ ಕುಳಿತಳು.

"ನಂಗ ಓದು ಮುಗಸೂದದ ಅಪ್ಪಾ," ಅಂದಳು ಮೆಲ್ಲಗೆ.

ಬಸ್ ಸ್ಟ್ಯಾಂಡಿನಿಂದ ಅಕ್ಕನಿಗೆ ಫೋನು ಹಚ್ಚಿದೆ. 'ಕೊಡತೀನಿ' ಅನ್ನಲು ನಾಲಿಗೆ ಏಳಲಿಲ್ಲ. 'ಕೊಡೂದಿಲ್ಲ' ಅಂದರೂ ಮಗಳು ಅದೇ ಜಾಗದಲ್ಲಿ ಉಳಿಯುತ್ತಿದ್ದಳು.

"ಅಕ್ಕಾ, ಆಕಿನ್ನ ಕೇಳವಾ," ಅಂದೆ.

"ಹುಡುಗಿನ್ನ ಏನ್ ಕೇಳೂದೋ? ಸಿಮೆಂಟಿನ ಧೂಳ ತಲಿಗೇರೇತೇನು?"

"ಏರಲಿ. ಓದು ಮುಗಸ್ತೀನಿ ಅನ್ನಾಕತ್ತಾಳ. ಮುಂದಿಂದು ಆಕಿನ್ನ ಕೇಳು. ನಂಬರ್ ಕೊಡತೀನಿ, ಬರಕೋ."

ಅಕ್ಕನ ಕಡೆಯಿಂದ ಕೋಳಿ ಕೂಗುವುದು ಕೇಳುತ್ತಿತ್ತು.

"ತಡಿ," ಅಂದಳು ಕೊನೆಗೆ. "ಪೆನ್ ತರತೀನಿ."