ಊರು ಬಿಡದ ನನ್ನ ಮೈದುನ

ನನ್ನ ಮೈದುನನ ಕಸುಬು ಬೀಗ ರಿಪೇರಿ. ಮಾರುಕಟ್ಟೆಯ ಮೆಟ್ಟಿಲ ಕೆಳಗೆ ಅವನ ಅಂಗಡಿ. ಒಬ್ಬರು ಕೂತರೆ ಇನ್ನೊಬ್ಬರು ಹೊರಗೇ ನಿಲ್ಲಬೇಕು, ಅಷ್ಟು ಜಾಗ. ಬೀಗವನ್ನು ಕಿವಿಯ ಹತ್ತಿರ ಹಿಡಿದು, ಅದು ಏನೋ ಗುಟ್ಟು ಹೇಳುತ್ತಿದೆಯೇನೋ ಎಂಬಂತೆ ಕಣ್ಣು ಮುಚ್ಚಿಕೊಂಡು ಅಲ್ಲಾಡಿಸುತ್ತಾನೆ. ಆಮೇಲೆ ಬಾಯಲ್ಲಿ ಕಚ್ಚಿಕೊಂಡಿರುವ ತಂತಿ ತೆಗೆದು ಒಂದೆರಡು ಸಲ ತಿರುವಿದನೆಂದರೆ ಮುಗಿಯಿತು. ಆದರೆ ಯಾರ ಮನೆಯ ಬಾಗಿಲನ್ನಾದರೂ ತೆರೆಯಬೇಕಾದರೆ ಮನೆಯವರ ಜೊತೆಗೆ ಪಕ್ಕದ ಮನೆಯವರೂ ಬಂದು ನಿಲ್ಲಬೇಕು. ಒಮ್ಮೆ ನಮ್ಮ ಬೀದಿಯ ಡಾಕ್ಟರೇ ಬೀಗದ ಕೈ ಕಳೆದುಕೊಂಡು ಬಂದಾಗಲೂ ಅವನು ಏಳಲಿಲ್ಲ. "ಅದು ನಿಮ್ಮದೇ ಮನೆ ಅಂತ ಇನ್ನೊಬ್ಬರು ಹೇಳಲಿ ಸಾರ್" ಎಂದನಂತೆ. ಡಾಕ್ಟರು ಬಿಸಿಲಲ್ಲಿ ಹೋಗಿ ಪಕ್ಕದ ಮನೆಯ ಮುದುಕರನ್ನು ಕೈ ಹಿಡಿದು ನಡೆಸಿಕೊಂಡು ಬಂದರು.

ಊರವರೆಲ್ಲ ಅವನನ್ನು ಗೂಟ ಎಂದೇ ಕರೆಯುವುದು. ನೆಟ್ಟ ಜಾಗದಿಂದ ಅಲ್ಲಾಡದವನು ಎಂದು. ಹರೆಯದಲ್ಲಿ ಆದ ಒಂದು ಗಲಾಟೆಯ ನಂತರ ಅವನು ಒಂದು ದಿನವೂ ಈ ಊರು ಬಿಟ್ಟು ಹೋದವನಲ್ಲ. ನೆಂಟರ ಮದುವೆಗೆ ನಾವೆಲ್ಲ ಹೊರಟರೆ ಅವನು ಮನೆ ಕಾಯುತ್ತಿದ್ದ. ಅವನ ಅತ್ತೆ ತೀರಿಕೊಂಡಾಗಲೂ ಹೆಂಡತಿಯನ್ನು ಒಬ್ಬಳನ್ನೇ ಬಸ್ಸು ಹತ್ತಿಸಿದ. ಆ ಹುಡುಗಿ ಹಿಂದಿರುಗಿ ಬಂದು, "ಅಕ್ಕಾ, ಊರ ಗಡಿ ದಾಟಿದರೆ ಇವರ ಕಾಲು ಉಪ್ಪಿನ ಹಾಗೆ ಕರಗುತ್ತೇನೋ" ಎಂದು ನನ್ನ ಹತ್ತಿರ ಹೇಳಿ ನಕ್ಕಳು. ನಗುವಾಗ ಅವಳ ಕಣ್ಣು ನಗುತ್ತಿರಲಿಲ್ಲ. ಜ್ವರ ಬಂದು ಅವಳು ಹೋದಾಗ ಮಗಳಿಗೆ ಇನ್ನೂ ಹಾಲುಹಲ್ಲು. ನನಗೆ ಮಕ್ಕಳಿರಲಿಲ್ಲ, ಆ ಮಗು ನನ್ನ ಸೆರಗು ಹಿಡಿದೇ ಬೆಳೆಯಿತು. ಲಾರಿ ಓಡಿಸುವ ಒಬ್ಬ ಒಳ್ಳೆಯ ಹುಡುಗನಿಗೆ ಕೊಟ್ಟೆವು. ಅವಳ ಮನೆಗೆ ಇಲ್ಲಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಆ ದಾರಿಯಲ್ಲಿ ಅಪ್ಪ ಒಮ್ಮೆಯೂ ಹೋಗಲಿಲ್ಲ.

ಹೋದ ವರ್ಷ ಆ ಹುಡುಗಿಗೆ, ಎಲ್ಲರೂ ಆಸೆ ಬಿಟ್ಟ ಮೇಲೆ, ಬಸಿರು ನಿಂತಿತು. ಹೆರಿಗೆಯಾಗುವವರೆಗೆ ಹಾಸಿಗೆ ಬಿಟ್ಟು ಏಳಬಾರದು, ಎದ್ದರೆ ಮಗು ಉಳಿಯುವುದಿಲ್ಲ ಎಂದರು ಡಾಕ್ಟರು. ಗಂಡ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಬರುವವನಲ್ಲ. ಅತ್ತೆ ಮಾವ ಇಲ್ಲ. ನಾನು ಹೋಗೋಣವೆಂದರೆ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಆಗಷ್ಟೇ ಕೋಲು ಹಿಡಿದು ನಡೆಯಲು ಕಲಿಯುತ್ತಿದ್ದೆ. ನನ್ನನ್ನೇ ಎತ್ತಿ ಬಸ್ಸು ಹತ್ತಿಸಲು ಒಬ್ಬರು ಬೇಕಿತ್ತು.

ಅವಳು ಅಪ್ಪನಿಗೆ ಫೋನು ಮಾಡಿದಳು. ಅವನು ನಮ್ಮ ಅಡಿಗೆಮನೆಯಲ್ಲಿ ಊಟಕ್ಕೆ ಕೂತಿದ್ದ. ಫೋನಿನ ಮಾತು ಸರಿಯಾಗಿ ಕೇಳಿಸುವುದಿಲ್ಲವೆಂದು ಅವನು ಅದನ್ನು ಜೋರಾಗಿಟ್ಟುಕೊಳ್ಳುತ್ತಾನೆ, ಹಾಗಾಗಿ ನನಗೂ ಎಲ್ಲ ಕೇಳಿಸಿತು.

"ಅಪ್ಪಾ, ಬಂದು ನನ್ನ ಜೊತೆ ಇರ್ತೀಯಾ? ಒಂದು ಲೋಟ ನೀರು ಕೊಡೋಕಾದ್ರೂ ಯಾರಾದ್ರೂ ಬೇಕು."

ಅವನು ಅನ್ನ ಕಲಸುತ್ತಲೇ ಇದ್ದ. ಅಂಗಡಿ ಇದೆಯಲ್ಲ ಮಗಳೇ ಎಂದ. ಒಂದು ಹೆಂಗಸನ್ನು ಕೆಲಸಕ್ಕೆ ಇಟ್ಟುಕೊ, ದುಡ್ಡು ಕಳಿಸುತ್ತೇನೆ ಎಂದ.

"ಆ ಅಂಗಡಿ ನಿನ್ನನ್ನ ಯಾವತ್ತಾದ್ರೂ ಅಪ್ಪಾ ಅಂತ ಕರೆದಿದೆಯಾ? ಆಯ್ತು ಬಿಡು. ಇನ್ನು ಕೇಳಲ್ಲ."

ಫೋನು ಇಟ್ಟಳು. ಮಾರನೆಯ ದಿನ ಅವನೇ ಮಾಡಿದರೂ ಎತ್ತಲಿಲ್ಲ, ಅದರ ಮಾರನೆಯ ದಿನವೂ ಎತ್ತಲಿಲ್ಲ.

ಅಂದು ರಾತ್ರಿ ಅವನಿಗೆ ಊಟ ಬಡಿಸುವಾಗ ನನಗೆ ಸಿಟ್ಟು ನೆತ್ತಿಗೇರಿತು. ನಾನು ಬೈದದ್ದನ್ನೆಲ್ಲ ಇಲ್ಲಿ ಹೇಳುವುದು ಬೇಡ. ಸತ್ತ ಹೆಂಡತಿಯ ಹೆಸರನ್ನೂ ಎತ್ತಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, ಕೊನೆಗೆ ತಟ್ಟೆಯ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತ. ಅಷ್ಟು ವಯಸ್ಸಾದ ಗಂಡಸು ಅಳುವುದನ್ನು ನೋಡಿ ನೀರಿನ ಲೋಟವನ್ನು ಅವನ ಹತ್ತಿರ ಸರಿಸಿದೆ.

"ನನಗೆ ಊರು ಬಿಡೋ ಹಾಗಿಲ್ಲ ಅತ್ತಿಗೆ. ಪೊಲೀಸರು ಕರೆದಾಗ ಸಿಗಬೇಕು" ಎಂದ.

ಆ ಹಳೆಯ ಗಲಾಟೆ ನನಗೆ ನಿನ್ನೆ ನಡೆದಂತೆ ನೆನಪಿದೆ. ಆಗಿನ್ನೂ ಅವನಿಗೆ ಸರಿಯಾಗಿ ಮೀಸೆ ಬಂದಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಒಬ್ಬ ಮನುಷ್ಯ ಬಂದು, ನನ್ನ ಮನೆಯ ಬೀಗದ ಕೈ ಕಳೆದುಹೋಗಿದೆ, ಬಾಗಿಲು ತೆರೆದುಕೊಡು ಎಂದ. ಇವನು ತೆರೆದುಕೊಟ್ಟ. ಆ ಮನೆ ಅವನದಲ್ಲ. ಪೆಟ್ಟಿಗೆಯಲ್ಲಿದ್ದ ಬಂಗಾರವೆಲ್ಲ ಹೋಗಿತ್ತು. ಪೊಲೀಸರು ಇವನನ್ನು ಅಂಗಡಿಯಿಂದಲೇ ಕರೆದುಕೊಂಡು ಹೋದರು. ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುತ್ತಿದ್ದ ನಮ್ಮ ಯಜಮಾನರು ಅಂಟು ಮೆತ್ತಿದ ಕೈಯಲ್ಲೇ ಠಾಣೆಗೆ ಓಡಿ, ತಮ್ಮನಿಗೆ ಜಾಮೀನು ನಿಂತು ಬಿಡಿಸಿಕೊಂಡು ಬಂದರು. ಊರು ಬಿಟ್ಟು ಹೋಗಬಾರದು, ಕರೆದಾಗ ಬರಬೇಕು ಎಂದು ಮುಚ್ಚಳಿಕೆ ಬರೆಸಿಕೊಂಡರಂತೆ. ಆಮೇಲೆ ಯಾರೂ ಕರೆಯಲಿಲ್ಲ. ಕಳ್ಳ ಸಿಕ್ಕ, ಅಲ್ಲಿಗೆ ಮುಗಿಯಿತು ಎಂದು ನಾವೆಲ್ಲ ಮರೆತೆವು. ಮರೆಯದವನು ಇವನೊಬ್ಬನೇ.

"ಠಾಣೆಗೆ ಹೋಗಿ ಒಂದು ಮಾತು ಕೇಳಬಾರದಿತ್ತೇನೋ?" ಎಂದೆ.

"ಮಲಗಿರೋ ಹುಲಿಯನ್ನ ಎಬ್ಬಿಸಿ, ನನ್ನನ್ನ ತಿನ್ನೋದು ಮರೆತೆಯಾ ಅಂತ ಯಾರಾದ್ರೂ ಕೇಳ್ತಾರಾ ಅತ್ತಿಗೆ? ನಾನು ಊರು ಬಿಟ್ಟರೆ ಜಾಮೀನು ಕೊಟ್ಟ ಅಣ್ಣನ್ನ ಹಿಡೀತೀವಿ ಅಂತ ದಫೇದಾರ ಹೇಳಿದ್ದ."

"ನಿಮ್ಮಣ್ಣ ಹೋಗಿ ಎಷ್ಟು ಕಾಲ ಆಯ್ತಪ್ಪ. ಇನ್ನು ಯಾರನ್ನ ಹಿಡೀತಾರೆ?"

ಅವನು ಸೆರಗಿಲ್ಲದ ಗಂಡಸು, ತೋಳಿನಲ್ಲೇ ಮುಖ ಒರೆಸಿಕೊಂಡ. "ಅಣ್ಣ ಇಲ್ಲದಿದ್ರೆ ಮನೇಲಿ ನೀವಿದ್ದೀರಲ್ಲ" ಎಂದ.

ಎದ್ದು ಹೋಗಿ ಅವನಿಗೆ ಇನ್ನಷ್ಟು ಅನ್ನ ಬಡಿಸಿದೆ.

ನಮ್ಮ ಹಿಂದಿನ ಬೀದಿಯಲ್ಲಿ ಲೈಬ್ರರಿ ಇದೆ. ಅಕ್ಷರ ಕೂಡಿಸಿ ಕೂಡಿಸಿ ಪೇಪರು ಓದಲು ನಾನು ಅಲ್ಲಿಗೆ ಹೋಗುವುದುಂಟು. ಅಲ್ಲಿನ ಮೇಡಂ, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ನೇತು ಹಾಕಿಕೊಂಡು ಅದನ್ನೇ ಹುಡುಕುವ ಹೆಂಗಸು, ಮುದುಕರಿಗೆಲ್ಲ ಕಂಪ್ಯೂಟರಿನಲ್ಲಿ ಪಿಂಚಣಿ ನೋಡಿಕೊಡುತ್ತಾಳೆ. ಯಾರದೋ ಜಮೀನಿನ ಕೇಸು ಯಾವ ಹಂತದಲ್ಲಿದೆ ಎಂದು ಅದರಲ್ಲೇ ತೆಗೆದು ತೋರಿಸಿದ್ದನ್ನು ನಾನು ನೋಡಿದ್ದೆ. ಮಾರನೆಯ ದಿನ ಮೈದುನನನ್ನು ಎಬ್ಬಿಸಿಕೊಂಡು ಹೊರಟೆ. ಅವನು ಬರುವುದಿಲ್ಲ ಎಂದ. ಹಾಗಾದರೆ ಈ ಕೋಲು ಊರಿಕೊಂಡು ನಾನೇ ಠಾಣೆಗೆ ಹೋಗಿ ಕೇಳುತ್ತೇನೆ ಎಂದೆ. ಅದಕ್ಕೆ ಹೆದರಿ ಬಂದ.

ಮೇಡಂ ಎಲ್ಲ ಕೇಳಿಸಿಕೊಂಡಳು. ಈಗ ಪೊಲೀಸಿನವರದು, ಕೋರ್ಟಿನವರದು, ಜೈಲಿನವರದು ಎಲ್ಲರದೂ ಒಂದೊಂದು ವೆಬ್‌ಸೈಟ್ ಇದೆ, ಹಳೆಯ ಕಡತಗಳನ್ನೂ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಿದ್ದಾರೆ, ಯಾರು ಬೇಕಾದರೂ ನೋಡಬಹುದು, ನೋಡಿದ್ದಕ್ಕೆ ಯಾರೂ ಹಿಡಿಯುವುದಿಲ್ಲ ಎಂದಳು. ಕೊನೆಯ ಮಾತನ್ನು ಇವನು ಎರಡು ಸಲ ಹೇಳಿಸಿದ.

ಮೊದಲು ಹೆಸರು ಹಾಕಿ ಹುಡುಕಿದಳು. ಇವನ ಹೆಸರಿನವರು ಬೇಕಾದಷ್ಟು ಜನ ಸಿಕ್ಕರು. ಅವರಲ್ಲೊಬ್ಬ ಕೊಲೆ ಮಾಡಿ ಜೈಲಿನಲ್ಲಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಇವನ ಮುಖ ಬಿಳಿಚಿಕೊಂಡಿತು. ಆ ಮನುಷ್ಯನ ತಂದೆಯ ಹೆಸರೇ ಬೇರೆ ಎಂದು ಮೇಡಂ ತೋರಿಸಿದಳು.

"ನಮ್ಮಪ್ಪನ ಹೆಸರನ್ನ ತಪ್ಪಾಗಿ ಬರೆದಿರಬಹುದಲ್ವಾ?" ಎಂದ ಇವನು.

"ನೀವು ಕೊಲೆ ಮಾಡಿದ್ರಾ?"

"ಇಲ್ಲ."

"ಹಾಗಾದ್ರೆ ಅದನ್ನ ಅವರಿಗೇ ಬಿಟ್ಟುಬಿಡಿ."

ಕೇಸಿನ ನಂಬರು ಗೊತ್ತೇ ಎಂದು ಕೇಳಿದಳು. ಅವನಿಗೆ ಅದು ಬಾಯಿಪಾಠ. ಮಗ್ಗಿ ಒಪ್ಪಿಸುವ ಹುಡುಗನಂತೆ ನೆಟ್ಟಗೆ ನಿಂತು ಹೇಳಿದ. ಮೇಡಂ ಒತ್ತಿದಳು. ಇಂಥ ದಾಖಲೆ ಇಲ್ಲ ಎಂದು ಬಂತು. ನಾನು ಉಸಿರು ಬಿಡುವಷ್ಟರಲ್ಲಿ ಇವನು, "ಇಲ್ಲ ಅಂದ್ರೆ ತೆಗೆದು ಬೇರೆ ಇಟ್ಟಿದ್ದಾರೆ" ಎಂದು ಎದ್ದೇ ಬಿಟ್ಟ. ಅವನ ಅಂಗಿಯ ಚುಂಗು ಹಿಡಿದು ಕೂರಿಸಬೇಕಾಯಿತು.

ಯಾವ ಕೋರ್ಟು ಎಂದು ಮೇಡಂ ಕೇಳಿದಾಗ ನಾವು ನಮ್ಮೂರ ಕೋರ್ಟು ಎಂದಿದ್ದೆವು. ಆಗ ನನಗೆ ಹೊಳೆಯಿತು. ಆ ಕಾಲಕ್ಕೆ ನಮ್ಮೂರಲ್ಲಿ ಕೋರ್ಟೇ ಇರಲಿಲ್ಲ. ಈಗ ಕೋರ್ಟಿರುವ ಜಾಗದಲ್ಲಿ ಮರ ಕೊಯ್ಯುವ ಅಡ್ಡೆ ಇತ್ತು, ನಾನು ಅಲ್ಲಿಂದ ಒಲೆಗೆ ಹೊಟ್ಟು ತರುತ್ತಿದ್ದೆ. ಕೇಸುಗಳೆಲ್ಲ ಹೊಳೆಯಾಚೆಯ ದೊಡ್ಡೂರಿಗೆ ಹೋಗುತ್ತಿದ್ದವು. ಹಾಗೆಂದು ಹೇಳಿದೆ. ಮೇಡಂ ಆ ಊರಿನ ಕೋರ್ಟು ಆರಿಸಿ ಮತ್ತೆ ಒತ್ತಿದಳು. ಒಂದು ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಮೈದುನ ನನ್ನ ಕೋಲನ್ನು ಇಸಿದುಕೊಂಡು ಅದರ ಮೇಲೆ ಗಲ್ಲ ಊರಿ ಕೂತಿದ್ದ.

ಬಂತು. ಹಳೆಯ ಟೈಪು ಅಕ್ಷರ, ಅಂಚಿನಲ್ಲಿ ಹುಳ ತಿಂದ ಕಾಗದದ ಚಿತ್ರ. ಮೇಡಂ ಕನ್ನಡಕ ಹುಡುಕಿ ಹಾಕಿಕೊಂಡು ಓದಿ ಹೇಳಿದಳು. ಆರೋಪಿ ಒಬ್ಬನೇ, ಆ ಬಿಳಿ ಅಂಗಿಯವನು. ಮೊದಲನೆಯ ದಿನವೇ ತಪ್ಪು ಒಪ್ಪಿಕೊಂಡಿದ್ದಾನೆ, ಆದ್ದರಿಂದ ಸಾಕ್ಷಿಗಳನ್ನು ಕರೆಸುವ ಅಗತ್ಯ ಬೀಳಲಿಲ್ಲ, ಮುಚ್ಚಳಿಕೆಗಳೆಲ್ಲ ರದ್ದು ಎಂದು ಬರೆದಿತ್ತು. ಸಾಕ್ಷಿಗಳ ಹೆಸರಿನ ಸಾಲಿನಲ್ಲಿ ನನ್ನ ಮೈದುನನ ಹೆಸರು, ಅವರಪ್ಪನ ಹೆಸರು, ಕಸುಬು ಬೀಗ ರಿಪೇರಿ.

"ನಾನು ಸಾಕ್ಷಿಯಾ?" ಎಂದ.

"ಬರೀ ಸಾಕ್ಷಿ. ಅವರು ಬನ್ನಿ ಅಂತ ಕರೆಯೋಕೆ ಕಾರಣವೇ ಇರಲಿಲ್ಲ" ಎಂದಳು ಮೇಡಂ.

ಅವನು ಪರದೆಯ ಮೇಲೆ ತನ್ನ ಹೆಸರಿದ್ದ ಸಾಲನ್ನು ಬೆರಳಿನಿಂದ ಮುಟ್ಟಿದ. ಆಮೇಲೆ ಮೆಲ್ಲಗೆ, ಆ ಕಳ್ಳನಿಗೆ ಎಷ್ಟು ಶಿಕ್ಷೆ ಆಯಿತು ಎಂದು ಕೇಳಿದ. ಎರಡು ವರ್ಷ ಎಂದಳು.

"ಅವನು ಎರಡೇ ವರ್ಷಕ್ಕೆ ಬಿಡಿಸ್ಕೊಂಡ ನೋಡಿ ಅತ್ತಿಗೆ" ಎಂದು ನನ್ನ ಕಡೆ ತಿರುಗಿದ. ಅಳುತ್ತಾನೆ ಎಂದುಕೊಂಡೆ. ಅವನಿಗೆ ನಗು ಬಂದಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕ. ಪೇಪರು ಓದುತ್ತಿದ್ದವರೆಲ್ಲ ತಿರುಗಿ ನೋಡಿದರು. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದಳು. ನಾನೂ ನಕ್ಕೆ, ಮುರಿದ ಸೊಂಟ ನೋಯುವಷ್ಟು.

ಆದರೂ ಅವನಿಗೆ ಪೂರಾ ನಂಬಿಕೆ ಬರಲಿಲ್ಲ. ಗಾಜಿನ ಮೇಲೆ ಮೂಡಿದ್ದು, ಮತ್ತೆ ಒತ್ತಿದರೆ ಅಳಿಸಿಹೋಗುವಂಥದ್ದು. ಅದನ್ನು ನಂಬಿ ಬಸ್ಸು ಹತ್ತುವುದು ಹೇಗೆ ಎಂದ. ಅದೇ ಪುಟದ ಕೆಳಗೆ ಕೋರ್ಟಿನ ಸಹಾಯದ ಫೋನು ನಂಬರು ಇತ್ತು. ಮೇಡಂ ಅದಕ್ಕೆ ಫೋನು ಮಾಡಿ ಕೇಸಿನ ನಂಬರೂ ಇವನ ಹೆಸರೂ ಹೇಳಿ, ಜೋರಾಗಿಟ್ಟು ಇವನ ಕೈಗೆ ಕೊಟ್ಟಳು. ಆ ಕಡೆಯ ಹೆಂಗಸು, ಎಳೆಯ ದನಿ, ಒಂದಷ್ಟು ಹೊತ್ತು ಕಾಯಿಸಿ, ಆ ಕೇಸು ಯಾವತ್ತೋ ಮುಗಿದಿದೆ, ನಿಮ್ಮ ಮೇಲೆ ಏನೂ ಇಲ್ಲ ಎಂದಿತು.

"ಹಾಗಾದ್ರೆ ನಾನು ಊರು ಬಿಟ್ಟು ಹೋಗಬಹುದಾ ಅಮ್ಮಾ?"

"ಊರೇನು, ದೇಶ ಬಿಟ್ಟು ಬೇಕಾದ್ರೂ ಹೋಗಿ."

"ಇವತ್ತೇ?"

ಆ ಹುಡುಗಿಗೆ ಇವನ ಕಥೆ ಏನು ಗೊತ್ತು? ಆದರೂ ತಾಳ್ಮೆಯಿಂದ, "ಇವತ್ತೇ ಹೋಗಿ ಯಜಮಾನ್ರೇ, ಸುಖವಾಗಿ ಹೋಗಿ ಬನ್ನಿ" ಎಂದಿತು. ಆ ತಾಯಿಯ ಹೊಟ್ಟೆ ತಣ್ಣಗಿರಲಿ.

ಮನೆಗೆ ಬಂದವನು ಎರಡು ಅಂಗಿ ಸುತ್ತಿಕೊಂಡ. ಮನೆಯಲ್ಲಿ ಪ್ರಯಾಣದ ಚೀಲ ಎಂಬುದೇ ಇರಲಿಲ್ಲ, ತರಕಾರಿ ಚೀಲವನ್ನೇ ಕೊಟ್ಟೆ. ಮಗಳಿಗೆ ಫೋನು ಮಾಡೋ ಎಂದರೆ ಬೇಡ ಎಂದ. ಇಷ್ಟು ದಿನ ಫೋನಿನಲ್ಲಿ ಬರೀ ದನಿ ಕೇಳಿಸಿದ್ದಾಯಿತು, ಈ ಸಲ ಮುಖವನ್ನೇ ತೋರಿಸುತ್ತೇನೆ ಎಂದ. ನಿಲ್ದಾಣದಲ್ಲಿ ಟಿಕೆಟನ್ನು ಮೊದಲೇ ಕೊಳ್ಳಬೇಕೋ ಒಳಗೆ ಕೊಡುತ್ತಾರೋ ಎಂದು ನನ್ನನ್ನು ಕೇಳಿ ಹೋದ. ಸಂಜೆಯವರೆಗೂ ಜೀವದಲ್ಲಿ ಜೀವವಿರಲಿಲ್ಲ. ದಾರಿಯಲ್ಲೇ ಇಳಿದು ಹಿಂದಕ್ಕೆ ಬಂದುಬಿಟ್ಟರೆ?

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಮೊದಲು ಮಗಳು ಮೂಗು ಸೇದುವುದು ಕೇಳಿಸಿತು.

"ದೊಡ್ಡಮ್ಮ, ಅಪ್ಪ ಬಂದಿದ್ದಾನೆ. ಎಲ್ಲ ಹೇಳಿದ. ದಾರಿ ಪೂರ್ತಿ ನಿಂತ್ಕೊಂಡೇ ಬಂದನಂತೆ, ಸೀಟು ಖಾಲಿ ಇದ್ರೂನೂ. ಕೂತ್ರೆ ಒಂದೇ ಕಡೆಯ ಕಿಟಕಿ ಕಾಣುತ್ತೆ ಅಂತಾನೆ."

"ಈಗೇನು ಮಾಡ್ತಿದ್ದಾನೆ?"

"ನನ್ನ ಕಾಲ ಹತ್ತಿರ ಕೂತು ನಿದ್ದೆ ಮಾಡ್ತಿದ್ದಾನೆ. ಗೊರಕೆ ಕೇಳಿಸ್ತಿಲ್ವಾ?"

ಕೇಳಿಸುತ್ತಿತ್ತು. ಇಷ್ಟು ವರ್ಷ ಗೋಡೆಯಾಚೆ ಮಲಗಿದವನು, ಹಾಗೆ ಗೊರಕೆ ಹೊಡೆದದ್ದನ್ನು ನಾನು ಕೇಳಿರಲಿಲ್ಲ.

ಹೆರಿಗೆ ಸುಸೂತ್ರವಾಯಿತು. ಹೆಣ್ಣುಮಗು, ತೂಕವಾಗಿದೆ, ಬಾಯಿ ಜೋರು. ಮೈದುನ ಇನ್ನೂ ಅಲ್ಲೇ ಇದ್ದಾನೆ. ಬೀಗ ಕೆಟ್ಟವರು ಬಂದು ನನ್ನ ಬಾಗಿಲು ತಟ್ಟಿ, ಗೂಟ ಎಲ್ಲಿ ಎಂದು ಕೇಳುತ್ತಾರೆ. ಅವನು ಊರಲ್ಲಿಲ್ಲ ಎನ್ನುತ್ತೇನೆ. ನಂಬದೆ ಕೆಲವರು ಮೆಟ್ಟಿಲ ಕೆಳಗೆ ಹೋಗಿ ನೋಡಿ ಬರುತ್ತಾರೆ. ನೋಡಿಕೊಳ್ಳಲಿ.